ಮೊದಲು ಕನ್ನಡಿ

ನಲವತ್ತಾರಕ್ಕೆ ಕಾರು ಕಲಿಯಲು ಹೊರಟವಳು ನಾನು.
ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಎಷ್ಟು ತೊಳೆದರೂ ಹೋಗದ ವಾಸನೆಯ ಕೈಯಲ್ಲಿ
ಸ್ಟಿಯರಿಂಗ್ ಹಿಡಿದು ಕೂತರೆ
ಎಡಗಡೆ ಸೀಟಿನಿಂದ ಕ್ಲಿಫರ್ಡ್ ಓಲ್ಡ್‌ರಾಯ್ಡ್ ಹೇಳಿದ್ದು ಇಷ್ಟೇ:
"ಮೊದಲು ಕನ್ನಡಿ. ಆಮೇಲೆ ಭುಜದ ಮೇಲಿಂದ ಒಂದು ನೋಟ.
ಕಾಲಿನ ಕೆಲಸ ಕೊನೆಗೆ."

ಆಟಗಾರರಾಗಿದ್ದರಂತೆ. ನನ್ನಣ್ಣನಿಗೆ ಗೊತ್ತಿತ್ತು, ನನಗಿರಲಿಲ್ಲ.
ಹದಿನೇಳು ವರ್ಷ, ಐದು ಊರು, ನಾನೂರ ಹನ್ನೆರಡು ಪಂದ್ಯ,
ಗೋಲು ಒಂಬತ್ತು.
"ಅದರಲ್ಲೆರಡು ನನ್ನ ಬೆನ್ನಿಗೆ ಬಡಿದು ಒಳಗೆ ಹೋದವು."

ನಡುಮೈದಾನದವನು ಅಂದರೇನು,
ಕೇಳಿದೆ, ಕ್ಲೀಥಾರ್ಪ್ಸ್ ರಸ್ತೆಯ ಕೆಂಪುದೀಪದಲ್ಲಿ.
ಯೋಚಿಸಿದರು. ದೀಪ ಹಸಿರಾಯಿತು. ಹಿಂದಿನವನು ಹಾರನ್ ಒತ್ತಿದ.
"ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ.
ಅವನಿಗೆ ಚೆಂಡು ಕೊಟ್ಟವನ ಹೆಸರು ಪೇಪರಿನಲ್ಲಿ ಬರುತ್ತದೆ.
ಆ ಕೊಟ್ಟವನಿಗೆ ಕೊಟ್ಟವನು ನಾನು.
ಗೇರು ಬದಲಿಸು."

ಅಡ್ಡಗೋಡೆಯ ಮೇಲಿನ ದೀಪ.
ಆಚೆಗಿಷ್ಟು ಬೆಳಕು, ಈಚೆಗಿಷ್ಟು ಬೆಳಕು,
ಬುಡ ಮಾತ್ರ ಯಾರೂ ನೋಡದ್ದು.

ಅವರ ಮನೆಯ ಹಜಾರದಲ್ಲಿ ಒಂದೇ ಫೋಟೋ:
ಬಲೆಯಲ್ಲಿ ಚೆಂಡು, ಒಬ್ಬರ ಮೇಲೊಬ್ಬರು ಬಿದ್ದ ಐದು ಜನ,
ಚೌಕಟ್ಟಿನ ಅಂಚಿಗೆ ಕತ್ತರಿಸಿಹೋದ ಒಂದು ಮೊಣಕೈ.
ಬಂದವರಿಗೆಲ್ಲ ಆ ಮೊಣಕೈಯನ್ನೇ ತೋರಿಸುತ್ತಾರೆ.
"ವಾಪಸ್ ಓಡುತ್ತಿದ್ದೆ. ಯಾರಾದರೂ ಓಡಬೇಕಲ್ಲ."

ಒಮ್ಮೆ ಲಂಡನ್ನಿನಿಂದ ಕಾಗದ ಬಂದಿತ್ತು,
ದೇಶದ ಎರಡನೇ ತಂಡಕ್ಕೆ.
ಟ್ರಾಲರುಗಳಿಗೆ ಬಲೆ ಹೆಣೆಯುತ್ತಿದ್ದ ತಾಯಿ
ಒಂದೇ ಪ್ಯಾಂಟಿಗೆ ಮೂರು ಸಲ ಇಸ್ತ್ರಿ ಹಾಕಿದಳು.
ಆ ಸಂಜೆ ಎಂಥ ಮಂಜೆಂದರೆ, ನಡುಗೆರೆಯಲ್ಲಿ ನಿಂತವನಿಗೆ
ಎರಡೂ ಗೋಲುಕಂಬ ಕಾಣಿಸಲಿಲ್ಲ.
ರೆಫರಿ ಮೂರು ಸಲ ನಾಣ್ಯ ಜೇಬಿಗೆ ಹಾಕಿ ತೆಗೆದ,
ಆಮೇಲೆ ಎಲ್ಲರನ್ನೂ ಮನೆಗೆ ಕಳಿಸಿದ.
ಎರಡನೇ ಕಾಗದ ಬರಲಿಲ್ಲ.
"ಬೇಜಾರಾಯಿತೇ?"
"ಮುಂದೆ ವೃತ್ತ ಇದೆ. ಬಲಗಡೆಯವರಿಗೆ ದಾರಿ ಬಿಡು."

ಮಂಡಿಯ ಕತೆ ಅವರು ಹೇಳಿದ್ದಲ್ಲ, ಎನಿಡ್ ಹೇಳಿದ್ದು,
ಬಾಗಿಲಲ್ಲಿ ನಿಂತು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ.
ಫೆಬ್ರವರಿಯ ಕೆಸರು. ಕಾಲು ನಿಂತಿತು, ಮೈ ತಿರುಗಿತು.
ಗೋದಾಮಿನಲ್ಲಿ ಹಲಗೆ ಮುರಿದ ಹಾಗೆ ಸದ್ದು,
ಮೂರನೇ ಸಾಲಿನಲ್ಲಿ ಕೂತವಳಿಗೂ ಕೇಳಿಸಿತು.
ವಿದಾಯದ ಪಂದ್ಯಕ್ಕೆ ಬಂದವರು ಸಾವಿರದಿನ್ನೂರು,
ಗೇಟಿನ ದುಡ್ಡಿಗೆ ಬಂದದ್ದು ಎರಡು ಬ್ರೇಕಿನ ಒಂದು ಹಳೇ ಕಾರು.
"ಈಗಲೂ ನೋಡು, ಟೀ ಕಪ್ಪು ಕೊಡಲು ಹೋದರೆ
ಮೊದಲು ಎಡಭುಜದ ಹಿಂದೆ, ಆಮೇಲೆ ಬಲಭುಜದ ಹಿಂದೆ ನೋಡಿ
ಆಮೇಲೆ ಕೈ ಚಾಚುತ್ತಾನೆ.
ನನ್ನ ಅಡುಗೆಮನೆಯಲ್ಲಿ ಇವನ ಕಾಲಿಗೆ ಬೀಳುವವರು ಯಾರು?"

ನಾನು ಎರಡು ಸಲ ಫೇಲಾದೆ.
ಮೂರನೆಯದಕ್ಕೆ ನಾಲ್ಕು ದಿನ ಇರುವಾಗ,
ಸಾಲುಮನೆಗಳ ಬೀದಿಯಲ್ಲಿ ಇಪ್ಪತ್ತರ ವೇಗದಲ್ಲಿ
ನಾನು ಕಸದ ಡಬ್ಬಗಳನ್ನು ಎಣಿಸುತ್ತ ಬರುತ್ತಿದ್ದಾಗ
ಕಾರು ತಾನಾಗಿ ನಿಂತಿತು.
ಅವರ ಬ್ರೇಕು.
ಯಾಕೆ ಎಂದು ತಿರುಗಿದೆ. ಬೀದಿ ಖಾಲಿ.
ಆಗ ಬಂತು ಚೆಂಡು,
ನಿಂತ ವ್ಯಾನಿನ ಮರೆಯಿಂದ ಪುಟಿಯುತ್ತ,
ಅದರ ಹಿಂದೆ, ಶೂ ದಾರ ಬಿಚ್ಚಿದ ಒಬ್ಬ ಹುಡುಗ.

"ವ್ಯಾನಿನ ಕೆಳಗೆ ನಾಲ್ಕು ಕಾಲು ಕಾಣುತ್ತಿದ್ದವು" ಎಂದರು,
ಬೆಲ್ಟು ಬಿಚ್ಚಿ, ಬಾಗಿಲು ಹಿಡಿದು,
ಕೆಟ್ಟ ಮಂಡಿಯನ್ನು ಮೊದಲು ಹೊರಗಿಟ್ಟು ಇಳಿದರು.
ಚೆಂಡನ್ನು ಅಂಗಾಲಿನಡಿ ನಿಲ್ಲಿಸಿ
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ,
ಯಾರೂ ಇಲ್ಲದ ಬೀದಿಯನ್ನು ನೋಡಿದರು.
ನಾನು ಜೋರಾಗಿ ಒದೆಯುತ್ತಾರೆಂದುಕೊಂಡೆ.
ಇಲ್ಲ. ಒಳಪಾದದಲ್ಲಿ ಮೆಲ್ಲಗೆ,
ನೆಲ ಬಿಡದ ಹಾಗೆ, ಹುಡುಗನಿಗೂ ಅಲ್ಲ,
ಅವನು ಇನ್ನೆರಡು ಹೆಜ್ಜೆಗೆ ಎಲ್ಲಿರುತ್ತಾನೋ ಅಲ್ಲಿಗೆ.

"ಥ್ಯಾಂಕ್ಸ್ ತಾತ" ಎಂದು ಅವನು ಓಡಿದ.
ಕುಂಟುತ್ತ ಬಂದು ಕೂತರು, ಬೆಲ್ಟು ಹಾಕಿಕೊಂಡರು.
ನನ್ನ ಕೈ ಇನ್ನೂ ನಡುಗುತ್ತಿತ್ತು.
ಅವರು ಕಾದರು. ಆಮೇಲೆ,
"ಕನ್ನಡಿ" ಎಂದರು.