ದಾಸ್ತಾನು ವಿಭಾಗ

ನಮ್ಮ ಬ್ಯಾಂಕು ಇನ್ನೊಂದು ಬ್ಯಾಂಕಿನೊಳಗೆ ಹೋಯಿತು.
ಬೋರ್ಡು ಇಳಿಸಿದ ದಿನ ಎಲ್ಲರೂ ಕೆಳಗೆ ನಿಂತು ನೋಡಿದೆವು.
ಏಣಿಯವನು ಹಿತ್ತಾಳೆ ಅಕ್ಷರಗಳನ್ನು ಕಿತ್ತು ಕಿತ್ತು
ಗೋಣಿಗೆ ಹಾಕಿದ, ಬಂಗುಡೆ ತುಂಬಿದ ಹಾಗೆ.

ನಾನು ಉಳಿದೆ,
ಕೊಡಿಯಾಲಬೈಲಿನ ಮೂರನೇ ಮಾಳಿಗೆಯಲ್ಲಿ
ಹಳೆ ಹೆಸರಿನ ಚಲನು, ಲಕೋಟೆ, ಲೆಡ್ಜರುಗಳಿಗೆ ಜವಾಬ್ದಾರಳಾಗಿ.
ಯಾರಿಗೂ ಬೇಡದ್ದು ಕಳವಾಗದ ಹಾಗೆ ನೋಡಿಕೊಳ್ಳುವುದು.
ಹುದ್ದೆಗೊಂದು ಹೆಸರುಂಟು, ಕುರ್ಚಿಗೆ ಚಕ್ರವೂ ಉಂಟು.

ಒಂಬತ್ತೂ ಮುಕ್ಕಾಲಿಗೆ ಬೆರಳೊತ್ತುತ್ತೇನೆ.
ಹತ್ತೂಕಾಲಕ್ಕೆ ದಿನದ ಕೆಲಸ ಮುಗಿದಿರುತ್ತದೆ.
ಮೊದಮೊದಲು ಪುಣ್ಯ ಅನಿಸಿತ್ತು;
ಇಪ್ಪತ್ತು ವರ್ಷ ಕೌಂಟರಿನಲ್ಲಿ
ಮೂತ್ರಕ್ಕೂ ಏಳದೆ ನೋಟು ಎಣಿಸಿದವಳು.

ಈಗ ಕಲಿತಿದ್ದೇನೆ.
ಕೈಯಲ್ಲಿ ಫೈಲು ಹಿಡಿದು ನಡೆದರೆ
ಎಲ್ಲಿಗೆಂದು ಯಾರೂ ಕೇಳುವುದಿಲ್ಲ.
ಬಂದ ಒಂದು ಮೇಲನ್ನು ಚಾ ಮುಂಚೆ ಓದಿ, ಊಟ ಕಳೆದು ಉತ್ತರಿಸಬೇಕು.
ಸಾಹೇಬರು ಹಾದುಹೋಗುವಾಗ ಹುಬ್ಬು ಗಂಟಿಕ್ಕಬೇಕು, ಜಾಸ್ತಿ ಅಲ್ಲ.
ಕೆಳಗಿನ ಮಾಳಿಗೆಯ ಐರಿನ್ ಬಾಯಿ ಮೇಜಿನಡಿ ಕ್ರೋಶ ಹಾಕುತ್ತಾಳೆ:
ಈ ವರ್ಷ ಮೂರು ಶಿಶುಗಳಿಗೆ ಟೊಪ್ಪಿ,
ಯಾರ ಶಿಶುಗಳೆಂದು ಇನ್ನೂ ನಿಶ್ಚಯವಿಲ್ಲ.

ಕಿಟಕಿಯಾಚೆ ಜೈಲಿನ ಗೋಡೆ.
ಒಳಗಿದ್ದವರಿಗಾದರೂ ಇಷ್ಟು ವರ್ಷವೆಂದು ಬರೆದು ಕೊಡುತ್ತಾರೆ, ಅಂದುಕೊಂಡೆ ಒಮ್ಮೆ.
ಲೆಕ್ಕ ಹಾಕಿದರೆ ನನಗೂ ಕೊಟ್ಟಿದ್ದಾರೆ:
ಇನ್ನು ಏಳು, ಪಿಂಚಣಿ ಸಹಿತ.

"ತುಂಬ ಬಚ್ಚಿತಾ?" ಸಂಜೆ ಇವರು ಕೇಳುತ್ತಾರೆ.
ಬಚ್ಚಿತು ಅನ್ನುತ್ತೇನೆ. ಸುಳ್ಳಲ್ಲ.
ಖಾಲಿ ಕೊಡಪಾನ ಹೊತ್ತು ಮೆಟ್ಟಿಲು ಹತ್ತಿದರೂ ಸೊಂಟ ಹಿಡಿಯುತ್ತದೆ.

ಮೊನ್ನೆ ಸೋಮವಾರ ಹನ್ನೊಂದಕ್ಕೆ ಒಬ್ಬರು ಬಂದರು.
ಬೆಂಗರೆಯ ಇದ್ದಿನಬ್ಬ. ಫೆರಿ ದಾಟಿ, ಬಂದರಿನಿಂದ ನಡೆದು,
ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಳೆ ಪಾಸ್‌ಬುಕ್ಕು ಹಿಡಿದು.
ದೋಣಿ ಎಂಜಿನಿನ ಸಾಲ ತೀರಿದ್ದಕ್ಕೆ
ಲೆಡ್ಜರಿನ ನಕಲು ಬೇಕಂತೆ.

ಲೆಡ್ಜರು ನನ್ನ ಬೆನ್ನ ಹಿಂದೆಯೇ ಇತ್ತು.
ಕಪಾಟು ಗೊತ್ತು, ಸಾಲು ಗೊತ್ತು, ಹೆಚ್ಚೆಂದರೆ ಹತ್ತು ನಿಮಿಷ.
ಎದ್ದವಳು ಕುಳಿತೆ.
ಈಗಲೇ ಮುಗಿಸಿಬಿಟ್ಟರೆ
ಮಂಗಳವಾರಕ್ಕೆ ನನಗೆ ಎಂತ ಉಳಿಯುತ್ತದೆ?
"ಹುಡುಕಬೇಕು. ನಾಳೆ ಬನ್ನಿ."

ಆ ರಾತ್ರಿ ಒಳ್ಳೆಯ ನಿದ್ದೆ ಬಂತು.
ಹೇಳಿಕೊಳ್ಳಲು ನಾಚಿಕೆ, ಆದರೆ ಬಂತು.

ಬಂದರು. ಪಂಚೆ ಮೊಣಕಾಲವರೆಗೆ ಒದ್ದೆ.
ಅಳಿವೆಯಲ್ಲಿ ಗಾಳಿಯಂತೆ, ಫೆರಿ ಓಲಾಡಿತಂತೆ.
ನಕಲು ತೆಗೆದೆ, ಸಹಿ ಹಾಕಿಸಿದೆ, ಸೀಲು ಒತ್ತಿದೆ.
ಕಾಗದವನ್ನು ತೊಟ್ಟೆಯೊಳಗಿಟ್ಟು ಎರಡು ಗಂಟು ಹಾಕಿ
ನನ್ನ ಮೇಜು ನೋಡಿದರು,
ನಾನೇ ಹರಡಿಟ್ಟ ಅಷ್ಟೂ ಫೈಲುಗಳನ್ನು.
"ಇಷ್ಟೆಲ್ಲ ಕೆಲಸದ ನಡುವೆ ನನ್ನದೊಂದು...
ನಿಮಗೆ ತೊಂದರೆ ಆಯಿತು ಅಕ್ಕಾ."

ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ಹಾಕಿದೆ.
ತೆಗೆದೆ. ಮತ್ತೆ ಹಾಕಿದೆ.
ಗಡಿಯಾರದಲ್ಲಿ ಹತ್ತೂ ನಲವತ್ತು.