ಎರಡು ದಿನದ ಮೇಲೆ

ಮಗಳು ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದಲ್ಲಿ ನಾನಿಲ್ಲ.
ಇರಬಾರದು. ಹಾಗಂತ ನಿಯಮ.
ಅಪ್ಪ ಏನು ಮಾಡುತ್ತಾನೆ, ಅಮ್ಮ ಎಲ್ಲಿ ದುಡಿಯುತ್ತಾಳೆ,
ಒಂದಕ್ಷರ ನುಸುಳಿದರೂ ಅರ್ಜಿ ಕಸಕ್ಕೆ.
ಪ್ಯೊ ಮೇಷ್ಟ್ರು ಫೋನು ಮಾಡಿ ಹೇಳಿದರು:
"ತಪ್ಪು ತಿಳೀಬೇಡಿ, ದಾಸೊಲ್ ಅಪ್ಪ,
ದೊಡ್ಡವರ ಮಕ್ಕಳು ದೊಡ್ಡವರ ಹೆಸರು ಹೇಳಿ
ಒಳನುಗ್ಗದಿರಲಿ ಅಂತ."
ಸರಿಯೇ, ಅಂದೆ.
ಬೆಸುಗೆಯವನ ಹೆಸರು ಹೇಳಿ ಯಾರು ಎಲ್ಲಿಗೆ ನುಗ್ಗಿದ್ದಾರೆ?

ಮುಂಚಿತ ಪ್ರವೇಶದ ಬಾಗಿಲು ಸೆಪ್ಟೆಂಬರಿನಲ್ಲೇ.
ಆರು ಕಡೆ ತಟ್ಟಬಹುದು. ಅವಳು ತಟ್ಟಿದ್ದು ಎರಡು.
ಒಂದೊಂದು ತಟ್ಟಿಗೂ ಶುಲ್ಕವಿದೆ.
ತೆರೆಯಿತೋ, ಒಳಗೆ ಹೋಗಲೇಬೇಕು;
ನವೆಂಬರಿನ ದೊಡ್ಡ ಪರೀಕ್ಷೆಯಲ್ಲಿ ಅಂಕಗಳ ಮಳೆ ಸುರಿದರೂ
ಇನ್ನೊಂದು ಬಾಗಿಲು ಕೇಳುವಂತಿಲ್ಲ.
ಎರಡಕ್ಕೂ ಒಂದೇ ತುಂಬಿದಳು: ನೌಕಾ ಎಂಜಿನಿಯರಿಂಗ್.
ಅವಳಮ್ಮ ಅನ್ನದ ಪಾತ್ರೆ ಕುಕ್ಕಿದಳು:
"ಈ ಊರಲ್ಲಿ ಹುಟ್ಟಿ ಹಡಗು ಬಿಟ್ಟು ಬೇರೇನೂ ಕಾಣಲಿಲ್ಲವೇನೆ?"
ಕಿಟಕಿಯಾಚೆ ಕ್ರೇನು, ಬೇಸಿಗೆಯಿಂದ ಅಲುಗದೆ ನಿಂತದ್ದು,
ಕೊಕ್ಕಿನಲ್ಲಿ ಏನೂ ಇಲ್ಲದ ಕೊಕ್ಕರೆ.

ಅವಳು ಮಲಗಿದ ಮೇಲೆ
ಕನ್ನಡಕ ಒರೆಸಿ ಕಂಪ್ಯೂಟರಿನ ಮುಂದೆ ಕೂತೆ,
ಸ್ವಂತ ಮನೆಯಲ್ಲಿ ಕಳ್ಳನ ಹಾಗೆ.
ಸಾವಿರದೈನೂರು ಅಕ್ಷರ. ಗಣಿತದ ಕ್ಲಬ್ಬು,
ಬಾಟಲಿ ಕತ್ತರಿಸಿ ಮಾಡಿದ ದೋಣಿ,
ಅದು ಮಗುಚಿದ್ದು, ಯಾಕೆ ಮಗುಚಿತೆಂದು ಲೆಕ್ಕ ಹಾಕಿದ್ದು.
ಯಾರೋ ಜಾಣ ಹುಡುಗಿ. ಪರಿಚಯ ಸಾಲದು.
ಆಮೇಲೆ, ಕೆಳಗಿನಿಂದ ನಾಲ್ಕನೇ ಸಾಲು:
"ಬೆಸುಗೆಯ ಕೆಟ್ಟ ಬಿರುಕು ಬಿಸಿಯಲ್ಲಿ ಕಾಣದು.
ತಣಿದು, ಎಲ್ಲ ಸರಿಯಿದೆ ಅನ್ನಿಸಿ,
ಎರಡು ದಿನದ ಮೇಲೆ ಬರುತ್ತದೆ.
ಆದ್ದರಿಂದ ಕಾದು ನೋಡಬೇಕೆಂದು ಕಲಿತೆ."

ಎಲ್ಲಿ ಕಲಿತಳು, ಯಾರಿಂದ? ಬರೆದಿಲ್ಲ.
ಮೀನಿನ ಸಾರಿನ ಮುಂದೆ, ಅವಳಿಗಾಗ ಒಂಬತ್ತೋ ಹತ್ತೋ,
ಸುಟ್ಟ ಬೆರಳಿಗೆ ಮುಲಾಮು ಹಚ್ಚಿಸಿಕೊಳ್ಳುತ್ತಾ
ನಾನೇ ಹೇಳಿದ್ದು.
ಮಗಳ ಕಣ್ಣು ಟೀವಿಯ ಮೇಲಿತ್ತಲ್ಲ!
ಆ ಸಾಲನ್ನು ಪರದೆಯ ಮೇಲೆ ಮುಟ್ಟಿದೆ.
ಜಿಡ್ಡಿನ ಗುರುತು ಉಳಿಯಿತು.
ತೋಳಿನಿಂದ ಒರೆಸಿದೆ. ನಿಯಮ ಅಂದರೆ ನಿಯಮ.

ಗೋಜೆ ದ್ವೀಪದಿಂದ ಬೂಸಾನಿಗೆ ಬಸ್ಸು, ಸಂದರ್ಶನಕ್ಕೆ.
ಸೇತುವೆ, ಆಮೇಲೆ ಕಡಲಡಿಯ ಸುರಂಗ.
ಅಷ್ಟುದ್ದ ನೀರಿನ ಕೆಳಗೆ ಅವಳು ತುಟಿ ಬಿಚ್ಚಲಿಲ್ಲ.
ನಾನು ಗೇಟಿನ ಹೊರಗೆ, ಕಾಫಿ ಯಂತ್ರದ ಪಕ್ಕ,
ಮದುವೆಗೆ ಹೊಲಿಸಿದ ಕೋಟಿನಲ್ಲಿ.
ಒಳಗೆ ಕೇಳಿದರಂತೆ:
"ಹಡಗುಕಟ್ಟೆಗಳು ಖಾಲಿಯಾಗುತ್ತಿವೆ. ಈಗ ಯಾಕಮ್ಮ ಇದು?"
ನೀನೇನಂದೆ ಅಂದರೆ
"ಏನೋ ಅಂದೆ" ಅಂದಳು.
ಇವತ್ತಿಗೂ ನನಗೆ ಅಷ್ಟೇ ಗೊತ್ತು.

ಡಿಸೆಂಬರ್. ಬೆಳಿಗ್ಗೆ ಫೋರ್ಮನ್ ಕೈಗವಸು ಹಂಚುತ್ತಾ
ಯಾರ ಮುಖವನ್ನೂ ನೋಡದೆ ಹೇಳಿದ:
"ಈ ಬ್ಲಾಕು ಮುಗಿದರೆ, ಆಯ್ತು."
ಹಡಗಿನ ತಳದ ಗೂಡೊಳಗೆ ಮೊಣಕಾಲೂರಿ ದಿನವಿಡೀ ಬೆಸೆದೆ.
ಚೆನ್ನಾಗಿ ಬೆಸೆದೆ, ಸುಳ್ಳೇಕೆ,
ಮೀನಿನ ಹುರುಪೆಯ ಹಾಗೆ ಸಾಲು ಸಾಲಾಗಿ.
ಅಲ್ಲಿ ಫೋನು ಸತ್ತೇ ಇರುತ್ತದೆ.
ಸಂಜೆ ಆರಕ್ಕೆ ಏಣಿ ಹತ್ತಿ ತಲೆ ಹೊರಗಿಟ್ಟಾಗ
ಜೇಬು ಅದುರಿತು. ದಾಸೊಲ್. ಒಂದೇ ಪದ:
"ಆಯ್ತು."

ಯಾವ ಆಯ್ತು?
ನಮ್ಮ ಮಾತಿನಲ್ಲಿ ಸಿಕ್ಕಿದ್ದಕ್ಕೂ ಅದೇ, ಮುಗಿದದ್ದಕ್ಕೂ ಅದೇ,
ಸಾಕು ಬಿಡು ಅನ್ನುವುದಕ್ಕೂ ಅದೇ.
ಫೋನು ಮಾಡಿದೆ. ಎಂಗೇಜು. ಮತ್ತೆ ಎಂಗೇಜು.
"ಏನಂತೆ?" ಅಂದ ಛಾನ್‌ಬೊಮ್, ಹೆಲ್ಮೆಟ್ಟು ಕಂಕುಳಲ್ಲಿ.
"ಎರಡು ದಿನ ಬಿಟ್ಟು ಹೇಳುತ್ತೇನೆ" ಅಂದೆ.
ನಕ್ಕ. ಅವನೂ ಬೆಸುಗೆಯವನೇ.
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಮತ್ತೊಮ್ಮೆ ಒತ್ತಿದೆ.
ಈ ಸಲ ರಿಂಗಾಗುತ್ತಿದೆ.