ಒಂದು ಬೆರಳು

ಬೆರ್ಗ್‌ಸ್ಟೇನ್ ಬಿಟ್ಟುಕೊಟ್ಟ ಟೈರುಗಳು ಇವು, ಮೂವತ್ತೆಂಟು ಇಂಚು.
ಹಿಮನದಿಯ ಬೆನ್ನ ಮೇಲೆ ಗಾಳಿ ಇಳಿಸಿಕೊಂಡು
ರೊಟ್ಟಿಹಿಟ್ಟಿನ ಹಾಗೆ ಚಪ್ಪಟೆಯಾಗಿ ನಡೆದಂಥವು.
ಕಣ್ಣಿನ ಡಾಕ್ಟರು ಲೈಸೆನ್ಸಿನ ಕಾಗದಕ್ಕೆ ಸಹಿ ಹಾಕದ ವಾರ
ಜೀಪನ್ನು ಅಳಿಯನಿಗೆ ಕೊಟ್ಟ, ಟೈರುಗಳನ್ನು ನನಗೆ.
ಬೆಲೆ: ಎರಡು ಟಗರು, ಮತ್ತೆ ಚಳಿಗಾಲವಿಡೀ
ಅವನ ಅಂಗಳದ ಹಿಮ ನಾನು ತಳ್ಳಬೇಕು.
ಐಸ್‌ಲ್ಯಾಂಡಿನ ಪೂರ್ವದ ಈ ಕಣಿವೆಯಲ್ಲಿ
ಹೆಸರಿಗಿಂತ ಮೊದಲು ಟೈರಿನ ಅಳತೆ ಕೇಳುತ್ತಾರೆ.

ನನ್ನ ಜೀಪಿಗೆ ಅವು, ಹೇಗೆ ಹೇಳಲಿ,
ಮೂಗಿಗಿಂತ ಮೂಗುತಿ ಭಾರ.
ನೇರ ದಾರಿಯಲ್ಲಿ ಪರಮ ಸಾಧು;
ಸ್ಟಿಯರಿಂಗ್ ತಿರುಗಿಸಿದೆನೋ
ಚಕ್ರದ ಗೂಡಿನೊಳಗಿಂದ ಸರ್ರ್,
ಒದ್ದೆ ಕಂಬಳಿಯನ್ನು ಯಾರೋ ಕಲ್ಲಿಗೆ ಉಜ್ಜಿದ ಹಾಗೆ.
ಗುಂಡಿಗೆ ಇಳಿದರೆ ಬೇರೆ ಸದ್ದು: ಗೊರ್.
ರಬ್ಬರು ಸುಟ್ಟ ವಾಸನೆ ಹೀಟರಿನ ಬಾಯಿಂದ ಬಂದು
ಮಗಳ ಸ್ವೆಟರಿಗೆ ಹತ್ತಿ, ಶಾಲೆಯ ತನಕ ಹೋಯಿತು.

ಊರೆಲ್ಲ ಬುದ್ಧಿ ಹೇಳಿತು.
ಸ್ಪ್ರಿಂಗ್ ಎತ್ತರಿಸು ಎಂದ ಹಾಲಿನ ಲಾರಿಯವನು.
ಎತ್ತರಿಸಿದೆ. ಹತ್ತಲು ನನಗೇ ಈಗ ಮೆಟ್ಟಿಲು ಬೇಕು,
ಸದ್ದು ಹಾಗೇ ಇದೆ.
ತಿರುವಿಗೆ ಮಿತಿ ಹಾಕು ಎಂದರು ಗ್ಯಾರೇಜಿನವರು.
ಹಾಕಿದೆ. ಕೊಟ್ಟಿಗೆಯ ಮುಂದೆ ಒಂದೇ ಸಲಕ್ಕೆ ಹೊರಳುತ್ತಿದ್ದದ್ದು
ಹಿಂದೆ ಮುಂದೆ ಹಿಂದೆ ಮುಂದೆ, ಐದು ಸಲ;
ನಾಯಿ ನೋಡೀ ನೋಡೀ ಬೇಸತ್ತು ಒಳಗೆ ಹೋಯಿತು.
ಚಿಕ್ಕ ಟೈರು ಹಾಕಬಾರದಾ ಎಂದಳು ಅಕ್ಕ ಯೋರುನ್, ಫೋನಿನಲ್ಲಿ.
ಅವಳಿರುವುದು ಡಾಂಬರಿನ ಊರಲ್ಲಿ.
ಸೆಪ್ಟೆಂಬರಿನ ಹೊಳೆ ಅವಳ ಬಾಗಿಲ ಮುಂದೆ ಹರಿಯುವುದಿಲ್ಲ.

ಕೊನೆಗೆ ಉಪಾಯ ಹೊಳೆದದ್ದು ಮಗಳು ಓಡ್ನಿಗೆ.
ಕುರಿಗೆ ಗುರುತು ಹಾಕುವ ನೀಲಿ ಬಣ್ಣದ ಡಬ್ಬಿ ತಂದು
ಟೈರಿನ ಹೆಗಲಿಗೆ ದಪ್ಪಗೆ ಬಳಿದಳು.
ಒಂದು ಗಾಲಿಯನ್ನು ಬಂಡೆಗೆ ಹತ್ತಿಸಮ್ಮಾ,
ಎಡಕ್ಕೆ ಕಡೇತನಕ, ಬಲಕ್ಕೆ ಕಡೇತನಕ ತಿರುಗಿಸು.
ಆಮೇಲೆ ಟಾರ್ಚು ಹಿಡಿದು ಅಂಗಾತ ಮಲಗಿ ನೋಡಿದೆವು:
ಗೂಡಿನ ತಗಡಿನ ಮೇಲೆ ನೀಲಿ ನಾಲಿಗೆ ನೆಕ್ಕಿದ ಮೂರು ಗುರುತು.
ಇಷ್ಟು ದಿನ ಬರೀ ಕಿವಿಯಲ್ಲಿದ್ದ ನೋವಿಗೆ
ಒಂದು ಜಾಗ ಸಿಕ್ಕಿತು.

ಗ್ರೈಂಡರ್ ಹಚ್ಚಿದೆ.
ಮೊದಲ ಕಿಡಿಗೆ ಹೊಟ್ಟೆ ಚುರ್ ಎಂದದ್ದು ಸುಳ್ಳಲ್ಲ;
ಈ ತಗಡಿನ ಸಾಲ ತೀರಿ ಇನ್ನೂ ವರ್ಷ ಆಗಿಲ್ಲ.
ಅರ್ಧಚಂದ್ರದ ತುಂಡೊಂದು ಬಿತ್ತು, ಇನ್ನೊಂದು ಬಿತ್ತು.
ಒಳಗಿನ ಬೆಸುಗೆಯ ತುಟಿಯನ್ನು ಸುತ್ತಿಗೆಯಿಂದ ಮಡಚಿದೆ.
ಕತ್ತರಿಸಿದ ಅಂಚಿಗೆ ತುಕ್ಕು ಹಿಡಿಯಬಾರದಲ್ಲ,
ಮನೆಯಲ್ಲಿದ್ದದ್ದು ಕುರಿಯ ನೀಲಿಯೊಂದೇ;
ಗೂಡುಗಳಿಗೆಲ್ಲ ಕಾಡಿಗೆ ತೀಡಿದ ಹಾಗೆ ಓಡ್ನಿ ಎಳೆದಳು.
ಸದ್ದು ನಿಂತಿತು. ಎಷ್ಟರಮಟ್ಟಿಗೆ ಎಂದರೆ
ಡ್ಯಾಶ್‌ಬೋರ್ಡಿನಲ್ಲೊಂದು ಸ್ಕ್ರೂ ಸಡಿಲವಾಗಿದೆಯೆಂದು
ಮೊದಲ ಸಲ ಗೊತ್ತಾಯಿತು.

ಬೆಟ್ಟದಿಂದ ಕುರಿ ಇಳಿಸುವ ದಿನ
ಬೆರ್ಗ್‌ಸ್ಟೇನ್ ಬಂದು ಪಕ್ಕದಲ್ಲಿ ಕೂತ,
ನೂರಾ ಹತ್ತು ಕೇಜಿ, ಕಾಲ ಬುಡದಲ್ಲಿ ಅವನ ನಾಯಿ ಬೇರೆ.
ಮೊದಲ ಎಡತಿರುವಿಗೇ, ಅವನ ಕಡೆಯ ಗಾಲಿಯಿಂದ
ಸರ್ರ್.
ನನ್ನ ಕಿವಿ ಬಿಸಿಯಾಯಿತು.
ಇನ್ನೊಂದು ಬೆರಳು ತೆಗೆಯಬೇಕಿತ್ತು ಎಂದೆ.
ಅವನು ಮಾತಾಡಲಿಲ್ಲ. ಕಿಟಕಿಯಾಚೆ ಮಂಜು;
ಮಂಜಿಲ್ಲದಿದ್ದರೂ ಅವನಿಗೆ ಅಷ್ಟೇ.
ಇನ್ನೊಂದು ಎಡತಿರುವು. ಸರ್ರ್.
ಮೊಣಕಾಲ ಮೇಲೆ ಬೆರಳು ಮಡಚುತ್ತಿದ್ದ, ಒಂದೊಂದಾಗಿ;
ನೋಡಿಯೂ ನೋಡದ ಹಾಗೆ ಓಡಿಸಿದೆ.
ಏಳನೆಯದಕ್ಕೆ ತಲೆ ಎತ್ತಿ,
“ನಿಧಾನ. ಮುಂದೆ ಕರಿಬಂಡೆ, ಆಮೇಲೆ ಹೊಳೆ.
ಬಂಡೆಯ ಮೇಲ್ಗಡೆ ದಾಟು, ಕೆಳಗಡೆ ಆಳ” ಎಂದ.

ಬಂಡೆ ಬಂತು. ಹೊಳೆ ಬಂತು.
ಮೇಲ್ಗಡೆ ದಾಟಿದೆ.

ಗ್ರೈಂಡರ್ ಈಗಲೂ ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿದೆ.
ಓಡ್ನಿ ಕೇಳಿದರೆ
ಬ್ಲೇಡು ಸವೆದಿದೆ ಅಂತೀನಿ.